ಬಿಸಿ ಗಾಜಿನ ನಾದ

ರಾಯಚೂರಿನಲ್ಲಿ ಏಪ್ರಿಲ್ ತಿಂಗಳ ಸಂಜೆ ಏಳಕ್ಕೆ ನುಡಿಸಿದ ವಾಲ್ವ್ ಆಂಪ್ಲಿಫೈಯರು ರಾತ್ರಿ ಹನ್ನೊಂದಕ್ಕೆ ಅದೇ ಧ್ವನಿ ಕೊಡುವುದಿಲ್ಲ. ಗಿಟಾರು ಅದೇ, ತಂತಿ ಅದೇ, ಬೆರಳೂ ಅದೇ. ಗುಂಡಿಗಳನ್ನು ಯಾರೂ ತಿರುಗಿಸಿಲ್ಲ. ಆದರೂ ಸಂಜೆ ಮೆತ್ತಗಿದ್ದು ಬೇಗನೆ ಒಡೆಯುತ್ತಿದ್ದ ಧ್ವನಿ ರಾತ್ರಿಯ ಹೊತ್ತಿಗೆ ಗಟ್ಟಿಯಾಗಿ, ಚುರುಕಾಗಿ ಏಳುತ್ತದೆ. ಸಂಜೆ ಊರಿನ ಕೂಲರುಗಳೆಲ್ಲ ತಿರುಗುತ್ತಿರುತ್ತವೆ, ಅಂಗಡಿಗಳ ದೀಪ ಹತ್ತಿರುತ್ತವೆ, ಪ್ಲಗ್ಗಿನಲ್ಲಿ 230 ವೋಲ್ಟ್ ಇರಬೇಕಾದಲ್ಲಿ 200ರ ಆಸುಪಾಸು ಇರುತ್ತದೆ. ಮೊಬೈಲ್ ಚಾರ್ಜರಿಗೆ ಇದರ ಗೊಡವೆ ಇಲ್ಲ. ವಾಲ್ವ್ ಸೆಟ್ಟಿಗೆ ಇದೇ ಉಸಿರು.

ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇರುವ ಜಿಲ್ಲೆಯಲ್ಲಿ ಲೋ ವೋಲ್ಟೇಜ್ ಏಕೆ ಎಂದು ಹೊರಗಿನವರು ಕೇಳುವುದುಂಟು. 1985ರಲ್ಲಿ ಅಲ್ಲಿನ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಆದರೆ ಸ್ಥಾವರ ಎಷ್ಟು ಹತ್ತಿರ ಎಂಬುದರಿಂದ ಮನೆಯ ವೋಲ್ಟೇಜ್ ನಿರ್ಧಾರವಾಗುವುದಿಲ್ಲ. ಓಣಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ ಮನೆಯವರೆಗೆ ಎಷ್ಟು ಉದ್ದದ ತಂತಿ ಬಂದಿದೆ, ಆ ತಂತಿಯ ಮೇಲೆ ಎಷ್ಟು ಮೋಟಾರು ನಿಂತಿವೆ ಎಂಬುದರಿಂದ ನಿರ್ಧಾರವಾಗುತ್ತದೆ. ತಂತಿಗೆ ತನ್ನದೇ ರೋಧವಿದೆ. ಹರಿಯುವ ಕರೆಂಟು ಹೆಚ್ಚಿದಷ್ಟೂ ದಾರಿಯಲ್ಲೇ ಕಳೆದುಹೋಗುವ ವೋಲ್ಟು ಹೆಚ್ಚು. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಸಾಲಿನ ಕೊನೆಯ ಮನೆಯವರಿಗೆ ಇದನ್ನು ಸೂತ್ರ ಬರೆದು ತಿಳಿಸಬೇಕಾಗಿಲ್ಲ.

ಹಳೆ ಮಾದರಿಯ ವಾಲ್ವ್ ಆಂಪ್ಲಿಫೈಯರಿನಿಂದ ಒಳ್ಳೆಯ ನಾದ ಬೇಕೆನ್ನುವವರು ಮೊದಲು ಕೇಳುವುದು ಯಾವ ಕಂಪನಿಯ ವಾಲ್ವ್, ಯಾವ ಕೆಪಾಸಿಟರ್, ಯಾವ ವೈರು ಎಂದು. ಆ ಪ್ರಶ್ನೆಗಳಿಗೆ ಕೊನೆಯ ಸಾಲಿನಲ್ಲಿ ಜಾಗ ಕೊಟ್ಟರೆ ಸಾಕು. ಅದೇ ಭಾಗಗಳು ಯಾವ ವೋಲ್ಟೇಜಿನಲ್ಲಿ, ಎಷ್ಟು ಬಿಸಿಯಲ್ಲಿ, ಯಾವ ಸ್ಪೀಕರಿನ ಎದುರು, ಎಷ್ಟು ದೊಡ್ಡ ಕೋಣೆಯಲ್ಲಿ ಕೆಲಸ ಮಾಡುತ್ತಿವೆ ಎಂಬುದೇ ನಾದವನ್ನು ತೀರ್ಮಾನಿಸುತ್ತದೆ. ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ವಾಲ್ವ್ ಎಂದರೆ ಒಳಗಿನ ಗಾಳಿ ಹೀರಿ ತೆಗೆದ ಗಾಜಿನ ಕೊಳವೆ. ನಡುವೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡು ಬಳಿದ ಒಂದು ಸಣ್ಣ ನಳಿಗೆ, ಅದು ಕ್ಯಾಥೋಡ್. ಅದರೊಳಗಿನ ಹೀಟರ್ ತಂತಿಗೆ 6.3 ವೋಲ್ಟ್ ಕೊಟ್ಟರೆ ಕ್ಯಾಥೋಡು ಸುಮಾರು 750 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯುತ್ತದೆ, ಅದರ ಮೈಯಿಂದ ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಸುತ್ತಲಿನ ಲೋಹದ ತಗಡು, ಅಂದರೆ ಆನೋಡು, ಇನ್ನೂರೈವತ್ತು ಮುನ್ನೂರು ವೋಲ್ಟಿನ ಧನ ವಿದ್ಯುತ್ತಿನಿಂದ ಅವನ್ನು ಸೆಳೆಯುತ್ತದೆ. ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಮಾಡಿದ್ದು ಈ ಎರಡೇ ಭಾಗಗಳ ವಾಲ್ವು. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ನಡುವೆ ಮೂರನೆಯದನ್ನು ಸೇರಿಸಿದರು, ಅದು ಗ್ರಿಡ್ ಎಂಬ ತಂತಿಯ ಜಾಲರಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ತೂಬಿನ ಗೇಟನ್ನು ಒಂದು ಗೇಣು ಎತ್ತಿ ಇಳಿಸಿದರೆ ಗದ್ದೆಗೆ ಹರಿಯುವ ನೀರೆಲ್ಲ ಏರಿ ಇಳಿಯುತ್ತದೆ. ಗ್ರಿಡ್ಡಿನ ಕೆಲಸ ಅದೇ. ಗಿಟಾರಿನ ಪಿಕಪ್ಪಿನಿಂದ ಬರುವ ವೋಲ್ಟಿನ ಹತ್ತನೆಯ ಒಂದು ಭಾಗದಷ್ಟು ಅಲುಗಾಟ ಆನೋಡಿನಲ್ಲಿ ಐದಾರು ವೋಲ್ಟಿನ ಏರಿಳಿತವಾಗಿ ಹೊರಬರುತ್ತದೆ. ಗಿಟಾರ್ ಆಂಪುಗಳ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಕಾಣುವ ಇಸಿಸಿ 83 ವಾಲ್ವಿನ ವರ್ಧನಾಂಕ 100. ನಿಜವಾದ ಸರ್ಕಿಟ್ಟಿನಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ.

ಈ ಏರಿಳಿತ ಗಿಟಾರಿನ ತಂತಿ ಕಳಿಸಿದ ಅಲೆಯ ಪಕ್ಕಾ ನಕಲಾಗಿರುವುದಿಲ್ಲ. ವಾಲ್ವಿನಲ್ಲಿ ಹರಿಯುವ ಕರೆಂಟು ವೋಲ್ಟೇಜಿನ ಒಂದೂವರೆ ಘಾತಕ್ಕೆ ಅನುಗುಣ. ವೋಲ್ಟೇಜ್ ನಾಲ್ಕು ಪಟ್ಟಾದರೆ ಕರೆಂಟು ಎಂಟು ಪಟ್ಟಾಗುತ್ತದೆ. ಹಾಗಾಗಿ ಅಲೆಯ ಮೇಲಿನ ಅರ್ಧ ಒಂದು ಅಳತೆಯಲ್ಲಿ, ಕೆಳಗಿನ ಅರ್ಧ ಇನ್ನೊಂದು ಅಳತೆಯಲ್ಲಿ ದೊಡ್ಡದಾಗುತ್ತದೆ. ಅಲೆಯ ಆಕಾರ ಸೊಟ್ಟಗಾಯಿತೆಂದರೆ ಮೂಲದಲ್ಲಿ ಇಲ್ಲದ ಉಪಸ್ವರಗಳು ಸೇರಿಕೊಂಡವು ಎಂದೇ ಅರ್ಥ. ಎಂಜಿನಿಯರುಗಳ ಲೆಕ್ಕದಲ್ಲಿ ಇದು ವಿಕೃತಿ. ಕಿವಿಯ ಲೆಕ್ಕ ಬೇರೆ.

ಆ ಲೆಕ್ಕ ರಾಯಚೂರು ಸೀಮೆಗೆ ಹೊಸದೇನಲ್ಲ. ದಾಸರ ನಾಡಿದು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕು ಮೊಸರಕಲ್ಲಿನ ಗೋಪಾಲದಾಸರು, ಎಲ್ಲರ ಕೈಯಲ್ಲೂ ತಂಬೂರಿ. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರು ಪೇಟೆಯಲ್ಲಿದೆ. ತಾನಪುರ ಶ್ರುತಿ ಮಾಡುವವರು ಕುದುರೆಯ ಮೇಲೆ ತಂತಿಯ ಕೆಳಗೆ ಎಳೆ ನೂಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುವುದನ್ನು ಇಲ್ಲಿನ ಸಂಗೀತಪ್ರೇಮಿಗಳು ನೋಡಿಯೇ ಇದ್ದಾರೆ. ನೂಲು ಸರಿಯಾದ ಜಾಗಕ್ಕೆ ಬಂದಾಗ ಒಂದೇ ತಂತಿಯಿಂದ ಸ್ವರಗಳ ಗೊಂಚಲು ಏಳುತ್ತದೆ, ಜವಾರಿ ಕೂಡಿತು ಎನ್ನುತ್ತಾರೆ. ಸಿ. ವಿ. ರಾಮನ್ 1921ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಇದರ ಭೌತವಿಜ್ಞಾನವನ್ನು ಬರೆದರು. ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲಬಿಂದು ಇರುವ ಉಪಸ್ವರಗಳು ಕೇಳಬಾರದು ಎಂಬುದು ಯುರೋಪಿನ ವಿಜ್ಞಾನಿಗಳಾದ ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ಹೆಸರಿನ ನಿಯಮ. ತಂಬೂರಿಯ, ವೀಣೆಯ ಬಾಗಿದ ಕುದುರೆಯ ಮೇಲೆ ಈ ನಿಯಮ ಮುರಿಯುತ್ತದೆ, ಇರಬಾರದ ಉಪಸ್ವರಗಳೂ ಸ್ಪಷ್ಟವಾಗಿ ಕೇಳುತ್ತವೆ ಎಂದು ಅವರು ತೋರಿಸಿದರು. ಅಲುಗುವ ತಂತಿ ಕುದುರೆಯ ಬಾಗನ್ನು ಸವರುತ್ತ ಹೋಗುವುದೇ ಅದಕ್ಕೆ ಕಾರಣ. ತಂತಿಯ ಕಂಪನ ನೇರ ಲೆಕ್ಕವನ್ನು ಬಿಟ್ಟು ಸೊಟ್ಟಗಾಗುತ್ತದೆ. ವಾಲ್ವಿನಲ್ಲಿ ಇಲೆಕ್ಟ್ರಾನುಗಳ ಹರಿವು ಸೊಟ್ಟಗಾಗುವುದೂ ತಂಬೂರಿಯಲ್ಲಿ ತಂತಿಯ ಅಲುಗಾಟ ಸೊಟ್ಟಗಾಗುವುದೂ ಗಣಿತದಲ್ಲಿ ಹತ್ತಿರದ ಬಂಧುಗಳು. ಎರಡರಲ್ಲೂ ಸೌಂದರ್ಯ ಇರುವುದು ಹದದಲ್ಲಿ.

ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಅದನ್ನು ಮಂದ್ರ ಷಡ್ಜ ಎಂದುಕೊಳ್ಳೋಣ. ಸ್ಪೀಕರನ್ನು ನಡೆಸುವ ಪವರ್ ವಾಲ್ವ್ ಒಂದೇ ಇರುವ ಪುಟ್ಟ ಆಂಪು ಮುಖ್ಯವಾಗಿ ಇದರ ಇಮ್ಮಡಿಯನ್ನು ಸೇರಿಸುತ್ತದೆ. 164 ಕಂಪನ, ಅಂದರೆ ಮಧ್ಯ ಷಡ್ಜ. ಹಾಗಾಗಿ ಸ್ವರ ತುಂಬಿಕೊಂಡಂತೆ ಕೇಳುತ್ತದೆಯೇ ಹೊರತು ಕೆಟ್ಟಿತೆನಿಸುವುದಿಲ್ಲ. ದೊಡ್ಡ ಆಂಪುಗಳಲ್ಲಿ ಎರಡು ಪವರ್ ವಾಲ್ವುಗಳು ಸರದಿಯಂತೆ ಒಂದು ಎಳೆಯುತ್ತ ಇನ್ನೊಂದು ತಳ್ಳುತ್ತ ಕೆಲಸ ಮಾಡುತ್ತವೆ. ಒಂದರ ಇಮ್ಮಡಿಯನ್ನು ಇನ್ನೊಂದರದು ಹೊಡೆದುಹಾಕುತ್ತದೆ, ಮುಮ್ಮಡಿ ಉಳಿಯುತ್ತದೆ. ಮುಮ್ಮಡಿ ಎಂದರೆ 246, ಮಧ್ಯ ಪಂಚಮ. ಧ್ವನಿಗೆ ಮೊನೆ ಬರುವುದು ಇದರಿಂದ. ಇನ್ನೂ ಒತ್ತಿದರೆ ಐದನೆಯದು ಏಳುತ್ತದೆ, ಅದು ತಾರದ ಗಾಂಧಾರ. ತಾನಪುರದಲ್ಲಿ ಯಾರೂ ಮೀಟದೆ ಕೇಳುವ ಗಾಂಧಾರವೂ ಇದೇ ಸಂಬಂಧದಿಂದ ಹುಟ್ಟುವುದು. ಟ್ರಾನ್ಸಿಸ್ಟರ್ ಆಂಪು ಮಿತಿ ಮುಟ್ಟುವವರೆಗೆ ಶುದ್ಧವಾಗಿದ್ದು ಮುಟ್ಟಿದ ಕೂಡಲೇ ಅಲೆಯ ತಲೆಯನ್ನು ಚಪ್ಪಟೆಯಾಗಿ ಕತ್ತರಿಸುತ್ತದೆ. ಏಳು, ಒಂಬತ್ತು, ಹನ್ನೊಂದನೆಯ ಉಪಸ್ವರಗಳು ಒಟ್ಟಿಗೇ ನುಗ್ಗುತ್ತವೆ. ಅವುಗಳಲ್ಲಿ ಏಳು, ಹನ್ನೊಂದನೆಯವು ಸ್ವರಮಂಡಲದಲ್ಲಿ ಯಾವ ಮನೆಗೂ ಸರಿಯಾಗಿ ಕೂಡುವುದಿಲ್ಲ. ವಾಲ್ವು ಮಿತಿಯ ಹತ್ತಿರ ಬರುತ್ತ ಬರುತ್ತ ನಿಧಾನವಾಗಿ ಬಾಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ಎರಡು ಸ್ವರಗಳನ್ನು ಕೂಡಿ ನುಡಿಸಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಸೊಟ್ಟಗಾಗುವ ಯಾವುದೇ ವ್ಯವಸ್ಥೆ ಎರಡು ಸ್ವರಗಳ ಮೊತ್ತವನ್ನೂ ವ್ಯತ್ಯಾಸವನ್ನೂ ತಾನಾಗಿ ಹುಟ್ಟಿಸುತ್ತದೆ. 110 ಮತ್ತು 165 ಕಂಪನದ ಷಡ್ಜ ಪಂಚಮ ನುಡಿಸಿ. ವ್ಯತ್ಯಾಸ 55, ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ. ಮೊತ್ತ 275, ಅದೇ 55ರ ಐದು ಪಟ್ಟು. ಎಲ್ಲವೂ ಒಂದೇ ಮನೆತನದವು. ರಾಕ್ ಗಿಟಾರ್ ವಾದಕರು ಜೋರಾದ ಧ್ವನಿಯಲ್ಲಿ ಷಡ್ಜ ಪಂಚಮಗಳನ್ನಷ್ಟೇ ಹಿಡಿದು ಗಾಂಧಾರವನ್ನು ಬಿಡುವುದು ಇದೇ ಕಾರಣಕ್ಕೆ. ಗಿಟಾರಿನ ಫ್ರೆಟ್ಟುಗಳು ಕೊಡುವ ಗಾಂಧಾರ ಶುದ್ಧ ಲೆಕ್ಕಕ್ಕಿಂತ ಸ್ವಲ್ಪ ಏರಿರುತ್ತದೆ. ಅದರ ಮೊತ್ತ, ವ್ಯತ್ಯಾಸಗಳು ಶ್ರುತಿಗೆ ಕೂಡದೆ ಕಚ್ಚಾಡುತ್ತವೆ. ಸಾವಿರಾರು ಮೈಲಿ ದೂರದ ಎರಡು ಸಂಗೀತಗಳು ಒಂದೇ ಷಡ್ಜ ಪಂಚಮಕ್ಕೆ ಬಂದು ನಿಂತದ್ದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಗಿಟಾರ್ ಆಂಪಿನ ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್, ವಾಲ್ವ್ ಕಂಪನಿಗಳು ಎಲ್ಲರಿಗೂ ಹಂಚುತ್ತಿದ್ದ ಸರ್ಕಿಟ್ಟುಗಳನ್ನೇ ತಿದ್ದಿ ತೀಡಿ ಗಿಟಾರಿಗೆ ಹೊಂದಿಸಿದರು. ಅವರ ಬಾಸ್‌ಮನ್ ಆಂಪಿನ ಸರ್ಕಿಟ್ಟನ್ನು ಆಧಾರವಾಗಿಟ್ಟುಕೊಂಡು ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವರ ತಂತ್ರಜ್ಞರು 1962ರಲ್ಲಿ ತಮ್ಮ ಮೊದಲ ಆಂಪು ಕಟ್ಟಿದರು. ಅದೇ ಇಂಗ್ಲೆಂಡಿನಲ್ಲಿ ಡಿಕ್ ಡೆನ್ನಿ ವಾಕ್ಸ್ ಕಂಪನಿಗಾಗಿ ರೂಪಿಸಿದ ಎಸಿ 30 ಆಂಪಿನಲ್ಲಿ ನಾಲ್ಕು ಇಎಲ್ 84 ವಾಲ್ವುಗಳಿದ್ದವು. ಬೀಟಲ್ಸ್ ತಂಡದ ಮೊದಲ ವರ್ಷಗಳ ಗಿಟಾರ್ ಧ್ವನಿ ಅದರದು.

ಈ ಇಎಲ್ 84 ನಮ್ಮ ರಾಜ್ಯದಲ್ಲೂ ತಯಾರಾಗುತ್ತಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಅದೇ ಸಂಸ್ಥೆ ಜರ್ಮೇನಿಯಂ ಅರೆವಾಹಕಗಳನ್ನೂ ಮಾಡತೊಡಗಿತು. ವಾಲ್ವನ್ನು ರೇಡಿಯೊಗಳಿಂದ ಓಡಿಸಿದ್ದು ಇವೇ ಅರೆವಾಹಕಗಳು. ಹೈದರಾಬಾದಿನ ಡೆಕ್ಕನ್ ರೇಡಿಯೊ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ, 1966ರ ಕಲಬುರಗಿ ಆಕಾಶವಾಣಿ, ಇವನ್ನೆಲ್ಲ ರಾಯಚೂರು ಸೀಮೆಯ ಮನೆಗಳು ಮೊದಮೊದಲು ಕೇಳಿದ್ದು ವಾಲ್ವ್ ರೇಡಿಯೊಗಳಲ್ಲೇ. ಜಾಲಹಳ್ಳಿಯಲ್ಲಿ ಈಗ ಆ ವಾಲ್ವುಗಳು ತಯಾರಾಗುವುದಿಲ್ಲ. ಇಂದು ಹೊಸ ವಾಲ್ವು ಬರುವುದು ಬಹುಪಾಲು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ. ಆದರೆ ಭಾರತ್ ಎಲೆಕ್ಟ್ರಾನಿಕ್ಸಿನ ಹಳೆಯ ದಾಸ್ತಾನಿನ ಇಎಲ್ 84ಗಳನ್ನು ವಿದೇಶದ ಗಿಟಾರ್ ವಾದಕರು ಈಗಲೂ ಹುಡುಕಿ ಕೊಳ್ಳುತ್ತಾರೆ. ಬಲವಾಗಿ, ಹದವಾಗಿ ಕಟ್ಟಿದ ವಾಲ್ವ್ ಅದು. ಕನ್ನಡ ನೆಲದ ಕೈಗಾರಿಕೆಯ ಬಗ್ಗೆ ನಾವು ಹೆಮ್ಮೆಪಡಬೇಕಾದ ಪಟ್ಟಿಯಲ್ಲಿ ಇದು ಸೇರಬೇಕು.

ಈಗ ವೋಲ್ಟೇಜಿಗೆ ಮರಳೋಣ, ನಮ್ಮ ಕಡೆ ಎಲ್ಲಕ್ಕಿಂತ ಮೊದಲ ಪ್ರಶ್ನೆ ಅದು. 230 ವೋಲ್ಟಿಗೆ ಸುತ್ತಿದ ಟ್ರಾನ್ಸ್‌ಫಾರ್ಮರಿಗೆ 190 ಕೊಟ್ಟರೆ ಹೀಟರಿಗೆ ಸಿಗಬೇಕಾದ 6.3ರ ಬದಲು 5.2 ವೋಲ್ಟ್ ಸಿಗುತ್ತದೆ. ಆನೋಡಿನ 250 ವೋಲ್ಟು 206ಕ್ಕೆ ಇಳಿಯುತ್ತದೆ. ಆನೋಡಿನ ವೋಲ್ಟೇಜ್ ಇಳಿದರೆ ಕೆಟ್ಟದ್ದೇನೂ ಇಲ್ಲ, ಧ್ವನಿ ಬೇಗ ಒಡೆಯುತ್ತದೆ, ಮೆತ್ತಗಾಗುತ್ತದೆ. ಅಮೆರಿಕದ ಎಡ್ಡಿ ವ್ಯಾನ್ ಹೇಲನ್ ತಮ್ಮ ಮಾರ್ಷಲ್ ಆಂಪನ್ನು ವೋಲ್ಟೇಜ್ ಏರಿಳಿಸುವ ವೇರಿಯಾಕ್ ಮೂಲಕ ಸುಮಾರು 90 ವೋಲ್ಟಿಗೆ ಇಳಿಸಿ ನುಡಿಸುತ್ತಿದ್ದರು. ಅಲ್ಲಿನ ಮನೆಗಳಲ್ಲಿ ಬರುವುದು 120. 1978ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಧ್ವನಿ ಲೋಕಪ್ರಸಿದ್ಧವಾಯಿತು. ದೇವದುರ್ಗದ ಹಳ್ಳಿಗೆ ಸಂಜೆ ಹೊತ್ತು ತಾನಾಗಿ ಬಂದು ಬೀಳುವ ಸ್ಥಿತಿಯನ್ನು ಅವರು ಉಪಕರಣ ಇಟ್ಟು ಸಾಧಿಸಿದರು.

ಆದರೆ ಹೀಟರಿನ ವೋಲ್ಟೇಜ್ ಇಳಿಯುವುದು ಬೇರೆಯದೇ ವಿಷಯ. ವಾಲ್ವ್ ತಯಾರಕರು ಹೆಚ್ಚೆಂದರೆ ನೂರಕ್ಕೆ ಹತ್ತರಷ್ಟು ಏರಿಳಿತವನ್ನು ಒಪ್ಪುತ್ತಾರೆ, ಅಂದರೆ 5.7ರಿಂದ 6.9ರ ತನಕ. ಅದಕ್ಕಿಂತ ತಣ್ಣಗಿರುವ ಕ್ಯಾಥೋಡಿನಿಂದ ಬೇಕಾದಷ್ಟು ಇಲೆಕ್ಟ್ರಾನು ಹೊರಡುವುದಿಲ್ಲ. ದಿನಗಟ್ಟಲೆ ಹಾಗೇ ನಡೆಸಿದರೆ ಅದರ ಮೇಲಿನ ಲೇಪ ಸತ್ವ ಕಳೆದುಕೊಳ್ಳುತ್ತದೆ. ನಡುರಾತ್ರಿ ಲೋಡು ಇಳಿದು 260ಕ್ಕೆ ಏರಿದರೆ ಹೀಟರು 7.1 ವೋಲ್ಟಿಗೆ ಹೋಗುತ್ತದೆ, ಅದೂ ಆಯಸ್ಸು ತಿನ್ನುವ ಬಿಸಿ. ಹಾಗಾಗಿ ವಾಲ್ವ್ ಆಂಪಿಗೆ ಸ್ಟೆಬಿಲೈಜರ್ ಇರಲೇಬೇಕು. ರಿಲೇ ಬಡಿಯುವ ಅಗ್ಗದ ಸ್ಟೆಬಿಲೈಜರು ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಬದಲಿಸುತ್ತದೆ, ನುಡಿಸುವ ನಡುವೆ ಟಕ್ ಎಂದರೆ ಧ್ವನಿಯೇ ಏರುಪೇರಾಗುತ್ತದೆ. ಸರ್ವೋ ಸ್ಟೆಬಿಲೈಜರು ಮೇಲು. ವಿದೇಶಿ ವಾಲ್ವಿಗೆ ಸುರಿಯುವ ದುಡ್ಡನ್ನು ಮೊದಲು ಇದಕ್ಕೆ ಹಾಕಿ ಎನ್ನುತ್ತೇನೆ.

ಕರೆಂಟು ಹೋದಾಗ ಇನ್‌ವರ್ಟರಿನ ಮೇಲೆ ನುಡಿಸುವವರು ಇನ್ನೊಂದು ವಿಚಿತ್ರ ಗಮನಿಸಿರಬಹುದು. ಧ್ವನಿ ಕುಗ್ಗುತ್ತದೆ, ಜೊತೆಗೆ ಗುಂಯ್ ಎನ್ನುತ್ತದೆ. ಮನೆಗೆ ಬರುವ 230 ವೋಲ್ಟಿನ ದುಂಡನೆಯ ಅಲೆಯ ತುದಿ ನಿಜವಾಗಿ 325 ವೋಲ್ಟ್ ಮುಟ್ಟುತ್ತದೆ. ಆಂಪಿನೊಳಗಿನ ಕೆಪಾಸಿಟರುಗಳು ತುಂಬಿಕೊಳ್ಳುವುದು ಆ ತುದಿಯಿಂದ. ಅಗ್ಗದ ಇನ್‌ವರ್ಟರಿನ ಚೌಕ ಅಲೆಗೆ ಅಂಥ ತುದಿಯಿಲ್ಲ. ಶುದ್ಧ ಚೌಕ ಅಲೆಯಾದರೆ ಅದು 230ರಲ್ಲೇ ಚಪ್ಪಟೆ. ಹೀಟರಿಗೆ ಬೇಕಿರುವುದು ಕಾಯಿಸುವ ಶಕ್ತಿ ಮಾತ್ರ, ಅದು ಮೊದಲಿನಷ್ಟೇ ಸಿಗುತ್ತದೆ. ಆನೋಡಿನ ವೋಲ್ಟೇಜ್ ಮಾತ್ರ ನೂರಕ್ಕೆ ಮೂವತ್ತರಷ್ಟು ಕೆಳಗಿಳಿಯುತ್ತದೆ. ಹೀಟರ್ ಬಿಸಿ ಉಳಿಸಿಕೊಂಡು ಆನೋಡನ್ನು ಇಳಿಸುವ ಕೆಲಸವನ್ನು ಇನ್‌ವರ್ಟರು ತನಗರಿವಿಲ್ಲದೆ ಮಾಡಿರುತ್ತದೆ. ಆದರೂ ಇದನ್ನು ನಾನು ಶಿಫಾರಸು ಮಾಡಲಾರೆ. ಚೌಕ ಅಲೆಯಲ್ಲಿ 150, 250, 350 ಕಂಪನಗಳ ಕಸ ತುಂಬಿರುತ್ತದೆ, ಟ್ರಾನ್ಸ್‌ಫಾರ್ಮರು ಅನಗತ್ಯವಾಗಿ ಬಿಸಿಯಾಗುತ್ತದೆ. ಸೈನ್ ವೇವ್ ಇನ್‌ವರ್ಟರ್ ಇದ್ದರೆ ತೊಂದರೆ ಇಲ್ಲ.

ಅಮೆರಿಕದಿಂದ ತಂದ ಹಳೆ ಆಂಪಿಗೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರಷ್ಟೇ ಸಾಲದು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ನಮ್ಮದು 50. ಅದೇ ವೋಲ್ಟೇಜಿಗೆ ಕಬ್ಬಿಣದ ಗರ್ಭದಲ್ಲಿ ಕಾಂತೀಯ ಹರಿವು ನೂರಕ್ಕೆ ಇಪ್ಪತ್ತು ಹೆಚ್ಚುತ್ತದೆ. ಬಿಗಿಯಾಗಿ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರು ನಮ್ಮ ಬೇಸಿಗೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ.

ವೋಲ್ಟೇಜ್ ಸ್ಥಿರವಾದ ಮೇಲೆ ಬಯಾಸ್. ಕೈಯಲ್ಲಿ ಏನೂ ನುಡಿಸದೆ ಇರುವಾಗ ವಾಲ್ವಿನಲ್ಲಿ ಎಷ್ಟು ಕರೆಂಟು ಹರಿಯುತ್ತಿರಬೇಕು ಎಂಬ ಹೊಂದಾಣಿಕೆ ಇದು. ತಂಬೂರಿಯ ನೂಲು ಜರುಗಿಸುವ ಕೆಲಸಕ್ಕೆ ಆಂಪಿನಲ್ಲಿ ಅತ್ಯಂತ ಹತ್ತಿರವಾದದ್ದು. ಇಎಲ್ 84ರ ತಯಾರಕರ ಹಾಳೆಯಲ್ಲೇ ಒಂದು ಹದ ಬರೆದಿದೆ: ಆನೋಡಿಗೆ 250 ವೋಲ್ಟ್, ಕ್ಯಾಥೋಡಿನಲ್ಲಿ 135 ಓಮ್ ರೆಸಿಸ್ಟರ್, ಆನೋಡಿನಲ್ಲಿ 48 ಮಿಲಿಆಂಪಿಯರ್ ಕರೆಂಟು. ಗುಣಿಸಿದರೆ 12 ವ್ಯಾಟ್, ಆ ವಾಲ್ವು ತಡೆಯಬಲ್ಲ ಮಿತಿ ಅದೇ. ಆ ಸ್ಥಿತಿಯಲ್ಲಿ ಸುಮಾರು 5.7 ವ್ಯಾಟ್ ಧ್ವನಿಶಕ್ತಿ, ಅದರಲ್ಲಿ ನೂರಕ್ಕೆ ಹತ್ತು ಭಾಗ ವಿಕೃತಿ ಎಂದೂ ಹಾಳೆಯೇ ಹೇಳುತ್ತದೆ. ರೆಸಿಸ್ಟರಿನ ಎರಡು ತುದಿಗೆ ಮೀಟರ್ ಹಿಡಿದರೆ 7.3 ವೋಲ್ಟಿನ ಹತ್ತಿರ ತೋರಬೇಕು. ಕರೆಂಟು ತೀರ ಕಡಿಮೆಯಾದರೆ ಜೋಡಿ ವಾಲ್ವಿನ ಆಂಪಿನಲ್ಲಿ ಒಂದು ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಸಂದು ಬೀಳುತ್ತದೆ, ಮೆಲ್ಲಗೆ ಮೀಟಿದ ಸ್ವರಗಳು ಒಣಗಿ ಗರಗರ ಎನ್ನುತ್ತವೆ. ತೀರ ಹೆಚ್ಚಾದರೆ ಆನೋಡಿನ ತಗಡೇ ಕತ್ತಲಲ್ಲಿ ಕೆಂಪಗೆ ಕಾಣುತ್ತದೆ. ಕೆಂಪು ಕಂಡ ಕೂಡಲೇ ಸ್ವಿಚ್ ಆರಿಸಬೇಕು, ಎರಡನೆಯ ಯೋಚನೆ ಬೇಡ.

ಸ್ಪೀಕರಿಗೂ ವಾಲ್ವಿಗೂ ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಕೂತಿದೆ. ಇಎಲ್ 84 ಸುಮಾರು 5000 ಓಮ್ ಭಾರ ಬಯಸುತ್ತದೆ, ಸ್ಪೀಕರು 8 ಓಮಿನದು. ಸುತ್ತುಗಳ ಅನುಪಾತ 25ಕ್ಕೆ 1 ಇದ್ದರೆ ಇವೆರಡು ಹೊಂದುತ್ತವೆ. ನಾದದಲ್ಲಿ ಈ ಕಬ್ಬಿಣ, ತಾಮ್ರದ ಗಟ್ಟಿಯ ಪಾಲು ಕೆಪಾಸಿಟರುಗಳ ಬ್ರಾಂಡಿಗಿಂತ ಎಷ್ಟೋ ದೊಡ್ಡದು. ಸ್ಪೀಕರ್ ಸಿಕ್ಕಿಸದೆ ಆಂಪನ್ನು ನುಡಿಸಬಾರದು. ಹೊರದಾರಿ ಇಲ್ಲದ ಶಕ್ತಿ ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ ಎದ್ದು ಅದರ ಸುತ್ತುಗಳನ್ನೇ ಸುಡಬಹುದು.

ಎಷ್ಟು ವ್ಯಾಟಿನ ಆಂಪು ಬೇಕು? ನನ್ನ ಉತ್ತರ, ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ವಾಲ್ವಿನ ಸೊಗಸು ಹೊರಬರುವುದು ಅದು ಮಿತಿಯ ಹತ್ತಿರ ದುಡಿಯುವಾಗ. 50 ವ್ಯಾಟಿನ ಆಂಪನ್ನು ಮನೆಯಲ್ಲಿ ಆ ಮಟ್ಟಕ್ಕೆ ಒಯ್ಯಲಾಗುವುದಿಲ್ಲ. ಶಕ್ತಿ ಹತ್ತು ಪಟ್ಟು ಹೆಚ್ಚಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಷ್ಟೇ ಎನಿಸುತ್ತದೆ, ಹಾಗಾಗಿ 5 ವ್ಯಾಟಿನ ಆಂಪು 50ರ ಅರ್ಧದಷ್ಟು ಜೋರಾಗಿಯೇ ಕೇಳುತ್ತದೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಕೊಡುವ 12 ಇಂಚಿನ ಸ್ಪೀಕರಿಗೆ 5 ವ್ಯಾಟ್ ಹಾಕಿದರೆ 107 ಡೆಸಿಬೆಲ್. ಕಿವಿಗೆ 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಸುರಕ್ಷಿತ ಎಂದು ಹಿಡಿದು ಪ್ರತಿ 3 ಡೆಸಿಬೆಲ್ಲಿಗೆ ಹೊತ್ತನ್ನು ಅರ್ಧ ಮಾಡುತ್ತ ಹೋದರೆ 107ಕ್ಕೆ ಉಳಿಯುವುದು ಮೂರು ನಿಮಿಷ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಕಡಿಮೆ ಸಂವೇದನೆಯ ಸ್ಪೀಕರ್ ಹಾಕುವುದು ಸದ್ದು ತಗ್ಗಿಸುವ ಒಳ್ಳೆಯ ಉಪಾಯ. 97 ಡೆಸಿಬೆಲ್ಲಿನ ಸ್ಪೀಕರು ಅದೇ ಆಂಪಿನ ಶಕ್ತಿಯನ್ನು ಅರ್ಧಕ್ಕೆ ಇಳಿಸಿದಂತೆ.

ಗಿಟಾರ್ ಸ್ಪೀಕರು ಸುಮಾರು 5000 ಕಂಪನದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಇದು ಅದರ ಕೊರತೆ ಅಲ್ಲ, ಚೂಪಾದ ಉಪಸ್ವರಗಳನ್ನು ಸೋಸುವುದೇ ಅದರ ಕೆಲಸ. ಜೊತೆಗೆ 12 ಇಂಚಿನ ಸ್ಪೀಕರು ಸುಮಾರು 1100 ಕಂಪನದಿಂದ ಮೇಲಿನ ಧ್ವನಿಯನ್ನು ಎದುರಿಗೆ ನೇರವಾಗಿ ಎಸೆಯತೊಡಗುತ್ತದೆ. ಅಲ್ಲಿಗೆ ಧ್ವನಿಯ ತರಂಗದೂರವೂ ಸ್ಪೀಕರಿನ ಅಗಲವೂ ಸಮನಾಗಿರುತ್ತವೆ. ಆಂಪು ನೆಲದ ಮೇಲಿದ್ದು ನೀವು ನಿಂತು ನುಡಿಸಿದರೆ ಚೂಪೆಲ್ಲ ಮೊಣಕಾಲಿಗೆ ಹೋಗುತ್ತದೆ, ಮಂಕಾಯಿತೆಂದು ಟ್ರೆಬಲ್ ಏರಿಸುತ್ತೀರಿ, ಎದುರು ಕೂತವರ ಕಿವಿ ಕೊರೆಯುತ್ತದೆ. ಆಂಪನ್ನು ಹಿಂದಕ್ಕೆ ಓರೆ ಮಾಡಿ ಮುಖ ನಿಮ್ಮ ಕಿವಿಯತ್ತ ತಿರುಗಿಸಿ, ಆಮೇಲೆ ಗುಂಡಿ ಮುಟ್ಟಿ. ನಮ್ಮ ಕಡೆಯ ಕಲ್ಲಿನ ಗೋಡೆ, ಹಾಸುಗಲ್ಲಿನ ನೆಲದ ಮನೆಗಳು ಧ್ವನಿಯನ್ನು ಹೀರುವುದೇ ಇಲ್ಲ. ಮೂಲೆಗೆ ತಳ್ಳಿದ ಆಂಪು ಗವ್ ಎನ್ನುತ್ತದೆ. ಮೂಲೆಯಿಂದ ಈಚೆ ತಂದು ಸ್ಟೂಲಿನ ಮೇಲಿಟ್ಟು ಎದುರಿನ ಗೋಡೆಗೆ ಒಂದೆರಡು ದಪ್ಪ ಕೌದಿ ತೂಗುಹಾಕಿದರೆ ಚೂಪು ಸ್ವರಗಳ ಪ್ರತಿಧ್ವನಿ ತಗ್ಗುತ್ತದೆ. ಮಂದ್ರಕ್ಕೆ ಕೌದಿ ಏನೂ ಮಾಡಲಾರದು, ಅದಕ್ಕೆ ಜಾಗ ಬದಲಿಸುವುದೊಂದೇ ದಾರಿ.

ಕೇಬಲ್ಲಿನ ಬಗ್ಗೆ ಒಂದು ಮಾತು. ಅದರ ಬೆಲೆಗೂ ನಾದಕ್ಕೂ ಸಂಬಂಧವಿಲ್ಲ, ಉದ್ದಕ್ಕೆ ಇದೆ. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಕತೆ ಪಿಕಪ್ಪಿನ ಸುರುಳಿಯೊಡನೆ ಸೇರಿ ಒಂದು ಅನುರಣನ ಕಟ್ಟುತ್ತದೆ. ಸಾಧಾರಣ ಒಂಟಿ ಸುರುಳಿಯ ಪಿಕಪ್ಪಿಗೆ 3 ಮೀಟರ್ ಕೇಬಲ್ ಇದ್ದರೆ ಅದು 5000 ಕಂಪನದ ಹತ್ತಿರ, 6 ಮೀಟರಾದರೆ 3800ರ ಹತ್ತಿರ. ಮಂಕೆನಿಸಿದರೆ ಗಿಡ್ಡ ಕೇಬಲ್ ಹಾಕಿ.

ಗುಂಯ್‌ಗುಡುವಿಕೆ ನಮ್ಮಲ್ಲಿ 50 ಮತ್ತು 100 ಕಂಪನಗಳಲ್ಲಿ ಬರುತ್ತದೆ. ದಪ್ಪ ತಂತಿಯ ಮೂರನೆಯ ಫ್ರೆಟ್ಟಿನ ಸ್ವರ 98. ಫಿಲ್ಟರ್ ಕೆಪಾಸಿಟರ್ ಒಣಗಿದ ಆಂಪಿನಲ್ಲಿ ಆ ಸ್ವರವನ್ನು ಜೋರಾಗಿ ಮೀಟಿದರೆ 100ರ ಗುಂಯ್ ಅದರೊಳಗೆ ಬೆರೆತು ಸೆಕೆಂಡಿಗೆ ಎರಡು ಸಲ ತೂಗಾಡುತ್ತದೆ. ಕೆಪಾಸಿಟರ್ ಬದಲಿಸುವ ಕಾಲ ಬಂತೆಂದು ಅದು ಹೇಳುತ್ತಿದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಬಿಸಿಗೆ ಸುಮಾರು ಅರ್ಧವಾಗುತ್ತದೆ. ಕೋಣೆಯೇ 42 ಡಿಗ್ರಿ ಇರುವ ರಾಯಚೂರಿನ ಮೇ ತಿಂಗಳಲ್ಲಿ, ಒಂದೊಂದೂ ಹದಿನೇಳು ಹದಿನೆಂಟು ವ್ಯಾಟ್ ಬಿಸಿ ಉಗುಳುವ ವಾಲ್ವುಗಳ ಪಕ್ಕದಲ್ಲಿ ಕೂತ ಕೆಪಾಸಿಟರಿನ ಗತಿ ಊಹಿಸಿ. ಆಂಪಿನ ಹಿಂಬದಿ ಗೋಡೆಗೆ ತಾಗದಿರಲಿ, ಮೇಲೆ ಬಟ್ಟೆ ಹೊದಿಸಬೇಡಿ, ಒಂದು ಟೇಬಲ್ ಫ್ಯಾನು ಪಕ್ಕದಿಂದ ಬೀಸಲಿ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನೂ ಮರೆಯಬೇಡಿ. ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಅರ್ಥ್ ತಂತಿ ಹೆಸರಿಗಷ್ಟೇ ಇರುತ್ತದೆ. ಆಗ ಗುಂಯ್ ಏಳುವುದು ಸಣ್ಣ ತೊಂದರೆ, ಗಿಟಾರಿನ ತಂತಿ ಹಿಡಿದ ಕೈಗೆ ಶಾಕ್ ಹೊಡೆಯುವುದು ದೊಡ್ಡದು.

ಕೊನೆಯದಾಗಿ ಹಳೆಯ ಮೈಕ್‌ಸೆಟ್ಟುಗಳ ಮಾತು. ಮೊಹರಂ, ಉರುಸು, ಜಾತ್ರೆ, ಬಯಲಾಟ, ಕಂಪನಿ ನಾಟಕಗಳಿಗೆ ಹಾರ್ನ್ ಕಟ್ಟುತ್ತಿದ್ದ ಕಾಲದ ವಾಲ್ವ್ ಆಂಪ್ಲಿಫೈಯರುಗಳು ಮಾನ್ವಿ, ದೇವದುರ್ಗಗಳ ಎಷ್ಟೋ ಅಟ್ಟಗಳಲ್ಲಿ ಇನ್ನೂ ಕೂತಿರಬಹುದು. ಅವುಗಳ ಸರ್ಕಿಟ್ಟೂ ಫೆಂಡರ್ ತಿದ್ದಿಕೊಂಡ ಸರ್ಕಿಟ್ಟೂ ಒಂದೇ ಬಗೆಯ ವಾಲ್ವ್ ಸರ್ಕಿಟ್ಟುಗಳು. ತಿಳಿದವರ ಕೈಯಲ್ಲಿ ಅವು ಸೊಗಸಾದ ಗಿಟಾರ್ ಆಂಪುಗಳಾಗುತ್ತವೆ. ಹಾರ್ನ್ ಮಾತ್ರ ಗಿಟಾರಿಗೆ ಸಲ್ಲದು, 82 ಕಂಪನದ ಮಂದ್ರ ಅದರ ಡಯಾಫ್ರಮ್ಮನ್ನೇ ಹರಿಯಬಹುದು. 100 ವೋಲ್ಟ್ ಲೈನಿನ ತುದಿ ಬಿಟ್ಟು 8 ಓಮಿನ ತುದಿಗೆ ಸರಿಯಾದ ಸ್ಪೀಕರ್ ಜೋಡಿಸಬೇಕು.

ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದರೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಕುತೂಹಲಕ್ಕೆ ನೇರ ಪ್ಲಗ್ಗಿಗೂ ಸಿಕ್ಕಿಸಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರು ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಸಿಡಿಯಬಹುದು, ಪ್ಲಗ್ ತೆಗೆದ ಮೇಲೂ ಒಳಗೆ ಜೀವ ತೆಗೆಯುವಷ್ಟು ವಿದ್ಯುತ್ತು ಹಿಡಿದಿಟ್ಟುಕೊಂಡಿರಬಹುದು. ಊರಿನ ಹಳೆ ರೇಡಿಯೊ ಮೆಕ್ಯಾನಿಕ್ಕಿನ ಬಳಿ ಒಯ್ಯಿರಿ. ಸೀರೀಸ್ ಬಲ್ಬಿನ ಬೋರ್ಡು ಅವರಲ್ಲಿರುತ್ತದೆ. ಆ ಬಲ್ಬು ಜಗ್ಗನೆ ಹತ್ತಿ ಹಾಗೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಹತ್ತಿ ಮಂಕಾದರೆ ಸೆಟ್ಟು ಇನ್ನೂ ಉಳಿಯುವಂಥದ್ದು. ವಾಲ್ವಿನ ಕೆಲಸ ಬಲ್ಲವರು ಈಗ ವಯಸ್ಸಾದವರು. ಅವರು ಇರುವಾಗಲೇ ತೋರಿಸಿಕೊಳ್ಳಿ, ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.